ಚೀನಾದ ಶಾಲೆ, ಪರೀಕ್ಷೆ, ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿರುವುದು ಸುಮಾರು 1905ರಿಂದ ಈಚೆಗಿನ ಚೀನಾ. ಈ ಅವಧಿಯಲ್ಲಿ ಅಲ್ಲಿ ಸಾಮ್ರಾಟರು ಹೋದರು, ಗಣರಾಜ್ಯ ಬಂತು, ಜಪಾನ್ ದಂಡೆತ್ತಿ ಬಂತು, ಕಮ್ಯುನಿಸ್ಟರು ಗೆದ್ದರು, ಆ ಕಮ್ಯುನಿಸ್ಟರೇ ಮತ್ತೆ ಮತ್ತೆ ದಾರಿ ಬದಲಿಸಿದರು. ಪ್ರತಿ ತಿರುವಿನಲ್ಲೂ ಶಾಲೆ ಬದಲಾಯಿತು ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಆಳುವವರು ಹೆಚ್ಚಾಗಿ ಮೊದಲು ಕೈಹಾಕಿದ್ದು ಪಠ್ಯಕ್ಕಲ್ಲ, ಮೇಲೇರುವ ಬಾಗಿಲಿಗೆ. ಯಾರನ್ನು ಒಳಗೆ ಬಿಡಬೇಕು, ಯಾವ ಗುರುತು ನೋಡಿ ಬಿಡಬೇಕು ಎನ್ನುವುದಕ್ಕೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಆ ಬಾಗಿಲಿನ ಸುತ್ತಲೇ ಇವೆ.

1905ರಿಂದಲೇ ಏಕೆ ಶುರು ಮಾಡುತ್ತೀರಿ?

ಆ ವರ್ಷದ ಸೆಪ್ಟೆಂಬರ್ 2ರಂದು, ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ವಂಶದ ಅರಮನೆ ಒಂದು ಆಜ್ಞೆ ಹೊರಡಿಸಿ ಸರ್ಕಾರಿ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯನ್ನು ರದ್ದು ಮಾಡಿತು. ಕೇಜು ಎಂದು ಕರೆಯುತ್ತಿದ್ದ ಆ ಪದ್ಧತಿಗೆ ಸುಮಾರು 1,300 ವರ್ಷಗಳ ವಯಸ್ಸಾಗಿತ್ತು. ಹುಡುಗರು ಐದಾರು ವರ್ಷದವರಾಗಿದ್ದಾಗಲೇ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಉರು ಹೊಡೆಯಲು ಕೂರುತ್ತಿದ್ದರು. ಬಾಯಿಪಾಠಕ್ಕೆ ಬೇಕಿದ್ದ ಗ್ರಂಥಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಅಕ್ಷರಗಳಿದ್ದವು. ಕಲಿಸುತ್ತಿದ್ದವನು ಹೆಚ್ಚಾಗಿ ಊರಿನವರ ಕಾಣಿಕೆಯಿಂದ ಬದುಕುವ, ತಾನೇ ಪರೀಕ್ಷೆಯಲ್ಲಿ ಸೋತ ಮೇಷ್ಟರು. ನಮ್ಮ ಕೂಲಿಮಠದ ಅಯ್ಯನವರನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ಮೊದಲು ಜಿಲ್ಲೆ, ಆಮೇಲೆ ಪ್ರಾಂತ್ಯ, ಆಮೇಲೆ ರಾಜಧಾನಿ. ಒಂದೊಂದು ಮೆಟ್ಟಿಲು ದಾಟಿದ ಹಾಗೆ ಮಾನ, ತೆರಿಗೆಯಲ್ಲಿ ರಿಯಾಯಿತಿ, ಕೊನೆಗೆ ಹುದ್ದೆ.

ಹೆಂಗಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಬಡವರ ಮನೆಯ ಹುಡುಗನಿಗೆ ಕಾಗದದ ಮೇಲೆ ಅವಕಾಶವಿತ್ತು, ವರ್ಷಗಟ್ಟಲೆ ಕೂತು ಓದುವಷ್ಟು ಅನ್ನ ಮನೆಯಲ್ಲಿ ಇರುತ್ತಿರಲಿಲ್ಲ. ಆದರೂ ಒಂದು ಹಳ್ಳಿಯ ಹುಡುಗನಿಗೂ ಅರಮನೆಗೂ ನಡುವೆ ಒಂದು ದಾರಿ ಇದೆ ಎಂಬ ನಂಬಿಕೆಯನ್ನು ಅದು ಉಳಿಸಿತ್ತು. ಆ ನಂಬಿಕೆ ಮುರಿದಾಗ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ಸಾಕ್ಷಿಯೂ ಇತ್ತು. 19ನೇ ಶತಮಾನದಲ್ಲಿ ಹಾಂಗ್ ಶಿಯೂಚ್ವಾನ್ ಎಂಬ ಹಳ್ಳಿಯ ಯುವಕ ಗ್ವಾಂಗ್‌ಜೋನಲ್ಲಿ ಮತ್ತೆ ಮತ್ತೆ ಫೇಲಾಗಿ, ತಾನು ಏಸುವಿನ ತಮ್ಮ ಎಂದು ಸಾರಿ, ತೈಪಿಂಗ್ ದಂಗೆ ಎಬ್ಬಿಸಿದ. ಅದರಲ್ಲಿ ಸತ್ತವರು ಎರಡು ಕೋಟಿಗೂ ಹೆಚ್ಚು ಎಂದು ಅಂದಾಜು.

ಅದಕ್ಕೂ ಮೊದಲು ಹೊಸ ವಿದ್ಯೆ ಬಂದೇ ಇರಲಿಲ್ಲವೇ?

ಬಂದಿತ್ತು, ಹಿತ್ತಲ ಬಾಗಿಲಿನಿಂದ. 1862ರಲ್ಲಿ ಬೀಜಿಂಗ್‌ನಲ್ಲಿ ವಿದೇಶಿ ಭಾಷೆ ಕಲಿಸುವ ಸರ್ಕಾರಿ ಶಾಲೆ ಶುರುವಾಯಿತು. 1854ರಲ್ಲಿ ಅಮೆರಿಕದ ಯೇಲ್‌ನಲ್ಲಿ ಪದವಿ ಪಡೆದಿದ್ದ ಯುಂಗ್ ವಿಂಗ್ ಅವರ ಒತ್ತಾಯದಿಂದ 1872ರಿಂದ 120 ಹುಡುಗರನ್ನು ಅಲ್ಲಿಗೇ ಓದಲು ಕಳಿಸಿದರು. ಹುಡುಗರು ಬೇಸ್‌ಬಾಲ್ ಆಡುತ್ತಿದ್ದಾರೆ, ಕೆಲವರು ಜುಟ್ಟು ಕತ್ತರಿಸಿಕೊಂಡಿದ್ದಾರೆ, ಕ್ರೈಸ್ತರಾಗುತ್ತಿದ್ದಾರೆ ಎಂಬ ದೂರುಗಳು ಹೋಗಿ, 1881ರಲ್ಲಿ ಎಲ್ಲರನ್ನೂ ವಾಪಸ್ ಕರೆಸಿದರು. ಹಾಗೆ ಬಂದವರಲ್ಲಿ ಒಬ್ಬರಾದ ಜಾನ್ ಟಿಯಾನ್‌ಯೂ ಬೀಜಿಂಗ್‌ನಿಂದ ಜಾಂಗ್‌ಜ್ಯಾಕೋಗೆ ಬೆಟ್ಟ ಸೀಳಿ ಹೋಗುವ ರೈಲುಮಾರ್ಗ ಕಟ್ಟಿದರು. ಅದು 1909ರಲ್ಲಿ ಮುಗಿಯಿತು.

ಬೀಜಿಂಗ್ ವಿಶ್ವವಿದ್ಯಾಲಯದ ಮೂಲ 1898ರ ಸುಧಾರಣೆಯಲ್ಲಿದೆ. ಆ ಸುಧಾರಣೆ ನೂರು ದಿನಗಳಲ್ಲೇ ಮುಗಿಯಿತು. ರಾಜಮಾತೆ ಸಿಶಿ ಯುವ ಸಾಮ್ರಾಟನನ್ನು ಅರಮನೆಯಲ್ಲೇ ಬಂಧಿಸಿಟ್ಟು ಬಹುಪಾಲು ಆಜ್ಞೆಗಳನ್ನು ಅಳಿಸಿಹಾಕಿದಳು. ವಿಶ್ವವಿದ್ಯಾಲಯ ಮಾತ್ರ ಹೇಗೋ ಉಳಿದುಕೊಂಡಿತು.

ಪರೀಕ್ಷೆ ರದ್ದಾದದ್ದರಿಂದ ಚಿಂಗ್ ವಂಶಕ್ಕೆ ಒಳ್ಳೆಯದಾಯಿತೇ?

ಇಲ್ಲ. ರದ್ದು ಮಾಡಿ ಎಂದು ಒತ್ತಾಯಿಸಿದ ಜಾಂಗ್ ಝಿಡಾಂಗ್, ಯುವಾನ್ ಶಿಕಾಯ್ ಮುಂತಾದವರು ಕ್ರಾಂತಿಕಾರಿಗಳಲ್ಲ, ಸಾಮ್ರಾಜ್ಯವನ್ನು ಉಳಿಸಲು ಹೊರಟ ದೊಡ್ಡ ಅಧಿಕಾರಿಗಳು. ಹಳೆಯ ಪರೀಕ್ಷೆ ಇರುವವರೆಗೆ ಹೊಸ ಶಾಲೆಗೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ ಎನ್ನುವುದು ಅವರ ಲೆಕ್ಕ, ಅದು ಸರಿಯೂ ಆಗಿತ್ತು. ಹೊಸ ಶಾಲೆಗಳ ಚೌಕಟ್ಟನ್ನು 1904ರಲ್ಲೇ ಜಪಾನನ್ನು ನೋಡಿ ಹಾಕಿಕೊಂಡಿದ್ದರು.

ತಪ್ಪಿದ್ದು ಬೇರೆ ಕಡೆ. ಊರೂರಲ್ಲಿ ಗ್ರಂಥ ಓದಿಕೊಂಡು ಕೂತಿದ್ದ ಲಕ್ಷಾಂತರ ಮಂದಿಗೆ ಸಿಂಹಾಸನದ ಜೊತೆಗಿದ್ದ ನಂಟು ಒಂದೇ ದಿನದಲ್ಲಿ ಕಡಿದುಹೋಯಿತು. ಅವರ ಮಕ್ಕಳು ಸೈನಿಕ ಶಾಲೆಗೆ ಹೋದರು, ಪತ್ರಿಕೆ ನಡೆಸಿದರು, ಸಾವಿರಾರು ಮಂದಿ ಜಪಾನಿಗೆ ಹಡಗು ಹತ್ತಿದರು. 1905ರ ಆಗಸ್ಟ್‌ನಲ್ಲಿ, ಅಂದರೆ ಆ ಆಜ್ಞೆಗೆ ಒಂದು ತಿಂಗಳೂ ಉಳಿದಿಲ್ಲದಾಗ, ಟೋಕಿಯೋದಲ್ಲಿ ಅಂಥ ವಿದ್ಯಾರ್ಥಿಗಳನ್ನೇ ಸೇರಿಸಿಕೊಂಡು ಸುನ್ ಯಾತ್ ಸೆನ್ ತಮ್ಮ ಕ್ರಾಂತಿಕಾರಿ ಒಕ್ಕೂಟ ಕಟ್ಟಿದ್ದರು. ಹಳ್ಳಿಗಳಲ್ಲಿ ಇನ್ನೊಂದು ತಾಪತ್ರಯ. ಹೊಸ ಶಾಲೆಗೆ ಹಣ ಎಲ್ಲಿಂದ? ತೆರಿಗೆ ಏರಿಸಿದರು, ಗುಡಿಗಳನ್ನು ಶಾಲೆ ಮಾಡಿದರು. ರೈತರು ಸಿಟ್ಟಿಗೆದ್ದು ಹಲವು ಕಡೆ ಆ ಶಾಲೆಗಳಿಗೇ ಬೆಂಕಿಯಿಟ್ಟರು. ಆರು ವರ್ಷ ಕಳೆದು, 1911ರಲ್ಲಿ, ಹೊಸ ಸೇನೆಯ ಸಿಪಾಯಿಗಳು ವುಚಾಂಗ್‌ನಲ್ಲಿ ಬಂಡೆದ್ದಾಗ ಸಾಮ್ರಾಜ್ಯದ ಪರವಾಗಿ ನಿಲ್ಲುವ ಓದಿದ ವರ್ಗವೇ ಉಳಿದಿರಲಿಲ್ಲ. ವಂಶ ಬೀಳಲು ಕಾರಣಗಳು ಹಲವು ಇದ್ದವು. ಅವುಗಳಲ್ಲಿ ಇದನ್ನು ನಾನು ಮೇಲಿನ ಸಾಲಿನಲ್ಲೇ ಇಡುತ್ತೇನೆ.

ಗಣರಾಜ್ಯದ ಕಾಲದಲ್ಲಿ ಏನು ಬದಲಾಯಿತು?

1912ರಲ್ಲಿ ಮೊದಲ ಶಿಕ್ಷಣ ಮಂತ್ರಿಯಾದವರು ತ್ಸಾಯ್ ಯುವಾನ್‌ಪೇ. ಹಳೆಯ ಪರೀಕ್ಷೆಯ ಅತ್ಯುನ್ನತ ಮೆಟ್ಟಿಲು ಹತ್ತಿದವರು, ಆಮೇಲೆ ಜರ್ಮನಿಯ ಲೀಪ್‌ಜಿಗ್‌ನಲ್ಲಿ ಓದಿದವರು. ಸಾಮ್ರಾಟನಿಗೆ ನಿಷ್ಠೆ, ಕನ್‌ಫ್ಯೂಷಿಯಸ್‌ಗೆ ಪೂಜೆ ಎಂಬ ಎರಡು ಗುರಿಗಳನ್ನು ಶಿಕ್ಷಣದಿಂದ ತೆಗೆದರು. ಪ್ರಾಥಮಿಕ ಶಾಲೆಯಲ್ಲಿ ಪ್ರಾಚೀನ ಗ್ರಂಥಗಳ ಪಾಠ ನಿಂತಿತು. 1917ರಲ್ಲಿ ಬೀಜಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿ ಅವರು ಮಾಡಿದ ಕೆಲಸ ಇನ್ನೂ ದೊಡ್ಡದು. ಸಂಪ್ರದಾಯವಾದಿಗಳನ್ನೂ ಬಂಡುಕೋರರನ್ನೂ ಒಂದೇ ಸೂರಿನಡಿ ಕೂರಿಸಿದರು. ಮುಂದೆ ಕಮ್ಯುನಿಸ್ಟ್ ಪಕ್ಷ ಕಟ್ಟಿದ ಚೆನ್ ದೂಶಿಯೂ ಸಾಹಿತ್ಯ ವಿಭಾಗದ ಮುಖ್ಯಸ್ಥರಾದರು, ಆಡುಮಾತಿನ ಬರಹದ ಪರ ವಾದಿಸುತ್ತಿದ್ದ ಹೂ ಶಿ ಪಾಠ ಮಾಡಿದರು. ಲೀ ದಾಜಾವ್ ಗ್ರಂಥಾಲಯ ನೋಡಿಕೊಂಡರು, ಅವರ ಕೈಕೆಳಗೆ ಕೆಲಕಾಲ ಸಣ್ಣ ಸಂಬಳಕ್ಕೆ ದುಡಿದ ಸಹಾಯಕನ ಹೆಸರು ಮಾವೋ ಝೆಡಾಂಗ್. ದೊಡ್ಡ ಪ್ರೊಫೆಸರುಗಳು ತನ್ನನ್ನು ಕಣ್ಣೆತ್ತಿಯೂ ನೋಡಲಿಲ್ಲ ಎಂಬ ನೋವನ್ನು ಆತ ಮರೆಯಲಿಲ್ಲ. ಮುಂದಿನ ಪ್ರಶ್ನೆಗಳನ್ನು ಓದುವಾಗ ನೀವೂ ಇದನ್ನು ನೆನಪಿಟ್ಟುಕೊಳ್ಳಿ.

1919ರ ಮೇ 4ರಂದು, ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಸಂಧಾನದಲ್ಲಿ ಚೀನಾದ ಶಾನ್‌ಡಾಂಗ್ ಪ್ರಾಂತ್ಯದಲ್ಲಿದ್ದ ಜರ್ಮನ್ ಹಕ್ಕುಗಳನ್ನು ಜಪಾನಿಗೆ ಒಪ್ಪಿಸಿದ್ದಕ್ಕೆ ಸುಮಾರು 3,000 ವಿದ್ಯಾರ್ಥಿಗಳು ಬೀದಿಗಿಳಿದರು. ವಿದ್ಯಾರ್ಥಿ ಎಂದರೆ ದೇಶದ ಪರವಾಗಿ ಮಾತಾಡುವವನು ಎಂಬ ಹೊಸ ಭಾವನೆ ಅಲ್ಲಿ ಗಟ್ಟಿಯಾಯಿತು. ಮರುವರ್ಷ ಬೀಜಿಂಗ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು, ಪ್ರಾಥಮಿಕ ಶಾಲೆಯ ಪುಸ್ತಕಗಳು ಗ್ರಾಂಥಿಕ ಶೈಲಿ ಬಿಟ್ಟು ಆಡುಮಾತಿಗೆ ಬಂದವು. 1922ರಲ್ಲಿ ಅಮೆರಿಕದ ಮಾದರಿಯಲ್ಲಿ ಆರು, ಮೂರು, ಮೂರು ವರ್ಷಗಳ ಶಾಲಾ ಹಂತಗಳು ಬಂದವು. ಅದೇ ವಿಂಗಡಣೆ ಇವತ್ತಿಗೂ ಅಲ್ಲಿ ಹೆಚ್ಚುಕಡಿಮೆ ನಡೆಯುತ್ತಿದೆ.

1927ರ ನಂತರ ಚಿಯಾಂಗ್ ಕೈ ಶೆಕ್ ಅವರ ಕುವೊಮಿಂಟಾಂಗ್ ಪಕ್ಷ ಶಾಲೆಗಳಲ್ಲಿ ಸುನ್ ಯಾತ್ ಸೆನ್ ಅವರ ಮೂರು ತತ್ವಗಳನ್ನು (ರಾಷ್ಟ್ರೀಯತೆ, ಪ್ರಜಾಧಿಕಾರ, ಜನಜೀವನ) ಪಾಠ ಮಾಡಿಸಿತು. ಸೋಮವಾರ ಸೋಮವಾರ ಸುನ್ ಅವರ ಭಾವಚಿತ್ರದ ಮುಂದೆ ಸಭೆ. ಶಾಲೆಯಲ್ಲಿ ಪಕ್ಷದ ಪಾಠ ಎನ್ನುವುದು ಕಮ್ಯುನಿಸ್ಟರ ಆವಿಷ್ಕಾರ ಎಂದುಕೊಂಡವರಿಗೆ ಇದನ್ನು ಹೇಳಬೇಕು.

ಜಪಾನ್ ಯುದ್ಧದ ಕಾಲದಲ್ಲಿ ಕಾಲೇಜುಗಳು ನಡೆದವೇ?

ನಡೆದವು. 1937ರಲ್ಲಿ ಬೀಜಿಂಗ್, ಟಿಯಾನ್‌ಜಿನ್ ಜಪಾನಿನ ಕೈಸೇರಿದಾಗ ಬೀಜಿಂಗ್, ಛಿಂಗ್‌ಹ್ವಾ, ನಾನ್‌ಕಾಯ್ ವಿಶ್ವವಿದ್ಯಾಲಯಗಳು ಗಂಟುಮೂಟೆ ಕಟ್ಟಿಕೊಂಡು ಮೊದಲು ಚಾಂಗ್‌ಶಾಗೆ, ಅಲ್ಲಿಂದ 1938ರಲ್ಲಿ ನೈಋತ್ಯದ ಕುನ್‌ಮಿಂಗ್‌ಗೆ ಹೋದವು. ಒಂದು ತಂಡದ ವಿದ್ಯಾರ್ಥಿಗಳೂ ಕೆಲವು ಅಧ್ಯಾಪಕರೂ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ನಡೆದೇ ಮುಟ್ಟಿದರು. ತಗಡಿನ ಸೂರಿನ ಆ ಜಂಟಿ ವಿಶ್ವವಿದ್ಯಾಲಯ 1946ರವರೆಗೆ ಇತ್ತು. 1957ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಯಾಂಗ್ ಮತ್ತು ಲೀ ಇಬ್ಬರೂ ಅಲ್ಲಿ ಓದಿದವರು.

1949ರಲ್ಲಿ ಕಮ್ಯುನಿಸ್ಟರು ಬಂದ ಮೇಲೆ ಮೊದಲು ಏನು ಮಾಡಿದರು?

ಒಂದು ಕೈಯಲ್ಲಿ ಅಕ್ಷರ, ಇನ್ನೊಂದು ಕೈಯಲ್ಲಿ ಕತ್ತರಿ. ಆಗ ಜನಸಂಖ್ಯೆಯ ಶೇ 80ರಷ್ಟು ಮಂದಿಗೆ ಓದು ಬರಹ ಬರುತ್ತಿರಲಿಲ್ಲ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ರಾತ್ರಿ ಶಾಲೆ, ಹೊಲದ ಬದುವಿನ ಶಾಲೆ, ಚಳಿಗಾಲದ ಶಾಲೆ ಎಂದು ದೊಡ್ಡ ಆಂದೋಲನವೇ ನಡೆಯಿತು. 1964ರ ಜನಗಣತಿಯ ಹೊತ್ತಿಗೆ ಅನಕ್ಷರಸ್ಥರ ಪ್ರಮಾಣ ಶೇ 33ರ ಆಸುಪಾಸಿಗೆ, 1982ರಲ್ಲಿ ಶೇ 23ರ ಹತ್ತಿರಕ್ಕೆ ಇಳಿಯಿತು; 2020ರಲ್ಲಿ ಅದು ಶೇ 2.67. ಯಾವ ಟೀಕೆಯ ನಡುವೆಯೂ ಈ ಸಾಧನೆಯನ್ನು ತಳ್ಳಿಹಾಕಲಾಗದು.

ಕತ್ತರಿ ಆಡಿದ್ದು ಮೇಲಿನ ಹಂತದಲ್ಲಿ. 1952ರಲ್ಲಿ ಸೋವಿಯತ್ ಮಾದರಿಯಂತೆ ಇಡೀ ದೇಶದ ಕಾಲೇಜುಗಳನ್ನು ಬಿಚ್ಚಿ ಮತ್ತೆ ಜೋಡಿಸಿದರು. ಖಾಸಗಿ ಮತ್ತು ಮಿಷನರಿ ಸಂಸ್ಥೆಗಳು ಇಲ್ಲವಾದವು. ಯೆಂಚಿಂಗ್ ವಿಶ್ವವಿದ್ಯಾಲಯವನ್ನು ಮುಚ್ಚಿ ಅದರ ಸೊಗಸಾದ ಕ್ಯಾಂಪಸ್ಸನ್ನು ಬೀಜಿಂಗ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಅದು ಇವತ್ತಿಗೂ ಅಲ್ಲೇ ಇದೆ. ಛಿಂಗ್‌ಹ್ವಾದಿಂದ ಸಾಹಿತ್ಯ, ವಿಜ್ಞಾನ ವಿಭಾಗಗಳನ್ನು ಕಿತ್ತು ಅದನ್ನು ಎಂಜಿನಿಯರಿಂಗ್ ಕಾಲೇಜು ಮಾಡಿದರು. ಸಮಾಜಶಾಸ್ತ್ರವನ್ನು ವಿಷಯವಾಗಿಯೇ ತೆಗೆದುಹಾಕಿದರು. ಮಾರ್ಕ್ಸ್‌ವಾದ ಇರುವಾಗ ಬೇರೆ ಸಮಾಜಶಾಸ್ತ್ರ ಯಾಕೆ ಎಂಬ ವಾದ. ಅದು ಮರಳಿ ಬಂದದ್ದು 1979ರಲ್ಲಿ. ಉಕ್ಕಿನ ಕಾರ್ಖಾನೆ, ಅಣೆಕಟ್ಟು, ಗಣಿಗಳಿಗೆ ಇಷ್ಟಿಷ್ಟು ಎಂಜಿನಿಯರುಗಳು ಬೇಕೆಂದು ಯೋಜನೆಯೇ ಹೇಳುತ್ತಿದ್ದ ಕಾಲ ಅದು.

ಆ 1952ರಲ್ಲೇ ಇಡೀ ದೇಶಕ್ಕೆ ಒಂದೇ ಕಾಲೇಜು ಪ್ರವೇಶ ಪರೀಕ್ಷೆಯೂ ಶುರುವಾಯಿತು. ಅದೇ ಗಾವೊಕಾವೊ. ಸಾಮ್ರಾಟರ ಪರೀಕ್ಷೆ ಹೋಗಿ ಅರ್ಧ ಶತಮಾನವೂ ತುಂಬುವ ಮೊದಲೇ, ಅದನ್ನು ಊಳಿಗಮಾನ್ಯದ ಕೊಳೆ ಎಂದು ಬೈಯುತ್ತಿದ್ದವರೇ ಇನ್ನೊಂದನ್ನು ಕಟ್ಟಿದರು.

ಲಿಪಿಯನ್ನು ಸರಳ ಮಾಡಿದ್ದೂ ರಾಜಕೀಯವೇ?

ಹೌದು, ಆದರೆ ಕಮ್ಯುನಿಸ್ಟರಿಗಿಂತ ಹಳೆಯದು. ಚಿತ್ರಾಕ್ಷರಗಳೇ ಜನರ ಅಜ್ಞಾನಕ್ಕೆ ಕಾರಣ ಎಂಬ ವಾದ 1919ರ ಪೀಳಿಗೆಯದು. 1956ರಲ್ಲಿ ಸರಳ ಅಕ್ಷರಗಳ ಯೋಜನೆ ಬಂತು, 1958ರ ಫೆಬ್ರವರಿಯಲ್ಲಿ ರೋಮನ್ ಲಿಪಿಯಲ್ಲಿ ಉಚ್ಚಾರ ಬರೆಯುವ ಪಿನ್‌ಯಿನ್ ಪದ್ಧತಿಗೆ ಒಪ್ಪಿಗೆ ಸಿಕ್ಕಿತು. 1977ರಲ್ಲಿ ಇನ್ನೂ ಒಂದು ಸುತ್ತು ಸರಳಗೊಳಿಸಲು ಹೋಗಿ ಜನ ಒಪ್ಪದೆ 1986ರಲ್ಲಿ ಹಿಂದೆಗೆದುಕೊಂಡರು. ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಹಳೆಯ ಅಕ್ಷರಗಳೇ ಉಳಿದಿವೆ. ಅಂದಹಾಗೆ, ಅದೇ ಹಳೆಯ ಅಕ್ಷರಗಳನ್ನು ಇಟ್ಟುಕೊಂಡೇ ತೈವಾನ್ ಬಹುತೇಕ ಪೂರ್ಣ ಸಾಕ್ಷರತೆ ಸಾಧಿಸಿತು.

ಸಾಂಸ್ಕೃತಿಕ ಕ್ರಾಂತಿಯಲ್ಲಿ ವಿದ್ಯಾರ್ಥಿಗಳು ಶಿಕ್ಷಕರ ಮೇಲೇ ಏಕೆ ತಿರುಗಿಬಿದ್ದರು?

ಸಾಂಸ್ಕೃತಿಕ ಕ್ರಾಂತಿ ಎಂದರೆ ಹಳೆಯದನ್ನೆಲ್ಲ ಕೆಡವಿ ಎಂದು ಮಾವೋ 1966ರಲ್ಲಿ ಶುರುಮಾಡಿ, 1976ರವರೆಗೆ ನಡೆದ ಆಂದೋಲನ. ಅವರಿಗೆ ಪರೀಕ್ಷೆಗಳ ಬಗ್ಗೆ ಇದ್ದ ಸಿಟ್ಟು ಹಳೆಯದು. ಈಗಿನ ಪರೀಕ್ಷೆಗಳು ವಿದ್ಯಾರ್ಥಿಯನ್ನು ಶತ್ರುವಿನಂತೆ ಕಂಡು ಹೊಂಚುಹಾಕಿ ಬೀಳುತ್ತವೆ ಎಂದು 1964ರಲ್ಲಿ ಅವರೇ ಹೇಳಿದ್ದರು. ಆ ಮಾತಿನಲ್ಲಿ ಹುರುಳಿತ್ತು ಎನ್ನುವುದನ್ನು ಪರೀಕ್ಷೆ ಬರೆದ ಯಾರೂ ಅಲ್ಲಗಳೆಯಲಾರರು. ಅದರ ಜೊತೆಗೆ ರಾಜಕೀಯವೂ ಇತ್ತು. ದೇಶವನ್ನು ದಿಢೀರನೆ ಕೈಗಾರಿಕೆಯತ್ತ ಒಯ್ಯಲು 1958ರಲ್ಲಿ ಶುರುಮಾಡಿದ ಮಹಾ ಜಿಗಿತದ ಸೋಲು ಮತ್ತು ಬರಗಾಲದ ನಂತರ ಪಕ್ಷದ ಒಳಗೆ ಅವರ ಹಿಡಿತ ಸಡಿಲವಾಗಿತ್ತು. ಪಕ್ಷದ ಯಂತ್ರದ ವಿರುದ್ಧ ಬಳಸಲು ಅವರಿಗೆ ಸಿಕ್ಕ ಪಡೆ, ಶಾಲಾ ಮಕ್ಕಳು.

1966ರ ಮೇ 25ರಂದು ಬೀಜಿಂಗ್ ವಿಶ್ವವಿದ್ಯಾಲಯದ ಗೋಡೆಗೆ ಆಡಳಿತವನ್ನು ಬೈಯುವ ದೊಡ್ಡಕ್ಷರದ ಭಿತ್ತಿಪತ್ರ ಅಂಟಿತು. ಮಾವೋ ಅದನ್ನು ರೇಡಿಯೋದಲ್ಲಿ ಓದಿಸಿದರು. ಜೂನ್‌ನಲ್ಲಿ ಗಾವೊಕಾವೊವನ್ನು ಆರು ತಿಂಗಳು ಮುಂದೂಡಿದ್ದೇವೆ ಎಂದು ಪ್ರಕಟಣೆ ಬಂತು. ಆ ಆರು ತಿಂಗಳು ಹನ್ನೊಂದು ವರ್ಷವಾಯಿತು. ಆಗಸ್ಟ್ 5ರಂದು ಬೀಜಿಂಗ್‌ನ ಹೆಸರಾಂತ ಬಾಲಕಿಯರ ಶಾಲೆಯೊಂದರ ಉಪಪ್ರಾಂಶುಪಾಲೆ ಬಿಯಾನ್ ಝೊಂಗ್‌ಯುನ್ ಅವರನ್ನು ಅವರ ವಿದ್ಯಾರ್ಥಿನಿಯರೇ ಮೊಳೆ ಬಡಿದ ಕೋಲುಗಳಿಂದ ಹೊಡೆದು ಕೊಂದರು. ಆಗಸ್ಟ್ 18ರಂದು ಮಾವೋ ಟಿಯಾನನ್‌ಮೆನ್ ಚೌಕದಲ್ಲಿ ರೆಡ್ ಗಾರ್ಡ್ ಎಂಬ ವಿದ್ಯಾರ್ಥಿ ಪಡೆಯ ತೋಳುಪಟ್ಟಿ ಕಟ್ಟಿಸಿಕೊಂಡು ಲಕ್ಷಾಂತರ ಹುಡುಗ ಹುಡುಗಿಯರತ್ತ ಕೈಬೀಸಿದರು. ಮುಂದಿನ ಕೆಲವೇ ವಾರಗಳಲ್ಲಿ ಬೀಜಿಂಗ್ ಒಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ಹತರಾದರು.

ಇದರ ಒಳಗೆ ಮತ್ತದೇ ಬಾಗಿಲಿನ ಜಗಳವಿತ್ತು. ಯಾರ ಅಪ್ಪ ಕಾರ್ಮಿಕ, ಬಡ ರೈತ, ಸೈನಿಕ, ಪಕ್ಷದ ಹಿರಿಯ? ಅವರು ಕೆಂಪು. ಯಾರ ಅಪ್ಪ, ಅಜ್ಜ ಜಮೀನುದಾರ, ಶ್ರೀಮಂತ ರೈತ, ಬಲಪಂಥೀಯ? ಅವರು ಕಪ್ಪು. 1950ರ ದಶಕದಿಂದಲೇ ಈ ವರ್ಗಮೂಲ ಪ್ರತಿಯೊಬ್ಬರ ಕಡತದಲ್ಲಿ ದಾಖಲಾಗುತ್ತಿತ್ತು. ಅಪ್ಪ ಧೀರನಾದರೆ ಮಗನೂ ಧೀರ, ಅಪ್ಪ ಪ್ರತಿಗಾಮಿಯಾದರೆ ಮಗನೂ ದುಷ್ಟ ಎಂಬರ್ಥದ ದ್ವಿಪದಿ ಹುಡುಗರ ಬಾಯಲ್ಲಿ ಓಡಾಡುತ್ತಿತ್ತು. ಒಳ್ಳೆಯ ಅಂಕ ಇದ್ದರೂ ಮನೆತನದ ಕಾರಣಕ್ಕೆ ಕಾಲೇಜು ಸಿಗದ ಯೂ ಲೂಓಕೆ ಎಂಬ ಯುವ ಕಾರ್ಮಿಕ ಇದನ್ನು ಪ್ರಶ್ನಿಸಿ ಒಂದು ಲೇಖನ ಬರೆದ. ಅದು ಕೈಯಿಂದ ಕೈಗೆ ಹೋಗಿ ಲಕ್ಷ ಜನ ಓದಿದರು. 1970ರ ಮಾರ್ಚ್ 5ರಂದು ಅವನಿಗೆ ಮರಣದಂಡನೆ ಆಯಿತು. ಹುಟ್ಟಿನಿಂದ ಯೋಗ್ಯತೆ ಅಳೆಯುವ ಪದ್ಧತಿಯ ವಿರುದ್ಧ ಬರೆದದ್ದಕ್ಕೆ, ಸಮಾನತೆಯ ಹೆಸರು ಹೇಳುವ ಸರ್ಕಾರ ಕೊಟ್ಟ ಶಿಕ್ಷೆ ಅದು.

ಹಾಗಾದರೆ ಹತ್ತು ವರ್ಷ ಶಾಲೆಗಳೆಲ್ಲ ಮುಚ್ಚಿದ್ದವೇ?

ಇಲ್ಲ, ಇದು ತುಂಬ ಹರಡಿರುವ ತಪ್ಪು ತಿಳಿವಳಿಕೆ. ಪ್ರಾಥಮಿಕ, ಮಾಧ್ಯಮಿಕ ಶಾಲೆಗಳು ಒಂದೆರಡು ವರ್ಷದಲ್ಲಿ ತೆರೆದವು. ವಿಶ್ವವಿದ್ಯಾಲಯಗಳು ಮಾತ್ರ 1970ರ ತನಕ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ. ಹಳ್ಳಿಗಳಲ್ಲಿ ಕಥೆ ತಿರುಗುಮುರುಗು. ಊರೇ ಕೂಲಿ ಅಂಕ (ಸುಗ್ಗಿಯ ಪಾಲಿಗಾಗಿ ದುಡಿಮೆಗೆ ಕೊಡುವ ಅಂಕ) ಕೊಟ್ಟು ಇಟ್ಟುಕೊಂಡ ಮೇಷ್ಟರುಗಳಿಂದ, ಅರೆಬರೆ ಪುಸ್ತಕಗಳಿಂದ ಗ್ರಾಮೀಣ ಮಾಧ್ಯಮಿಕ ಶಾಲೆಗಳು ಹಿಂದೆಂದೂ ಇಲ್ಲದಷ್ಟು ಹರಡಿದ್ದು ಆ ವರ್ಷಗಳಲ್ಲೇ. ಗುಣಮಟ್ಟ ಸಾಲದು, ನಿಜ. ಆದರೆ ನಗರದ ಪ್ರೊಫೆಸರರ ಮಗ ಆ ದಶಕವನ್ನು ಕಳೆದುಹೋದ ಕಾಲ ಎನ್ನುವಾಗ, ಮನೆತನದಲ್ಲಿ ಮೊದಲ ಬಾರಿ ಏಳನೇ ತರಗತಿ ದಾಟಿದ ಹಳ್ಳಿಯ ಹೆಣ್ಣುಮಗಳಿಗೆ ಅದೇ ದಶಕ ಬೇರೆ ರೀತಿ ಕಾಣಬಹುದು. ಈ ಎರಡನೆಯ ದನಿ ಪುಸ್ತಕಗಳಲ್ಲಿ ಕಡಿಮೆ, ಏಕೆಂದರೆ ಪುಸ್ತಕ ಬರೆದವರು ಹೆಚ್ಚಾಗಿ ಮೊದಲನೆಯವರು.

1968ರ ಡಿಸೆಂಬರ್‌ನಿಂದ ನಗರದ ಯುವಕರನ್ನು ರೈತರಿಂದ ಕಲಿಯಿರಿ ಎಂದು ಹಳ್ಳಿಗೆ ಅಟ್ಟಿದರು. ಒಟ್ಟು ಒಂದೂವರೆ ಕೋಟಿಗೂ ಹೆಚ್ಚು ಮಂದಿ ಹೀಗೆ ಹೋದರು. ಈಗಿನ ಅಧ್ಯಕ್ಷ ಷಿ ಜಿನ್‌ಪಿಂಗ್ ಕೂಡ 1969ರಲ್ಲಿ ಶಾನ್‌ಶಿ ಪ್ರಾಂತ್ಯದ ಲಿಯಾಂಗ್‌ಜ್ಯಾಹ ಎಂಬ ಹಳ್ಳಿಗೆ ಹೋಗಿ, ಮಣ್ಣಿನ ಗುಹೆಮನೆಯಲ್ಲಿದ್ದು, ಆರೇಳು ವರ್ಷ ದುಡಿದವರು.

'ಖಾಲಿ ಉತ್ತರಪತ್ರಿಕೆಯ ವೀರ' ಎಂದರೆ ಯಾರು?

1970ರಿಂದ ಕಾಲೇಜಿಗೆ ಹೋಗಲು ಪರೀಕ್ಷೆ ಬೇಡ, ಕಾರ್ಖಾನೆ, ಕಮ್ಯೂನು (ಹಳ್ಳಿಗರ ಸಾಮೂಹಿಕ ಬೇಸಾಯದ ಘಟಕ), ಸೇನೆಯ ಶಿಫಾರಸು ಸಾಕು ಎಂದಾಯಿತು. ಷಿ ಜಿನ್‌ಪಿಂಗ್ 1975ರಲ್ಲಿ ಛಿಂಗ್‌ಹ್ವಾ ಸೇರಿದ್ದು ಈ ದಾರಿಯಲ್ಲೇ. ಶಿಫಾರಸು ಎಂದ ಮೇಲೆ ಏನಾಗುತ್ತದೆ ಎಂದು ನಮಗೆ ಯಾರೂ ವಿವರಿಸಬೇಕಿಲ್ಲ. ಕಾರ್ಯದರ್ಶಿಯ ಮಗಳು, ಅಧಿಕಾರಿಯ ಸೋದರಳಿಯ ಮುಂದೆ ಹೋದರು. ಇದನ್ನು ಸರಿಪಡಿಸಲು 1973ರಲ್ಲಿ ಒಂದು ಸಣ್ಣ ಲಿಖಿತ ಪರೀಕ್ಷೆ ಇಟ್ಟರು. ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಜಾಂಗ್ ಟಿಯೆಶೆಂಗ್ ಎಂಬಾತ ಭೌತ-ರಸಾಯನ ಪತ್ರಿಕೆ ಬರೆಯಲಾಗದೆ ಅದರ ಹಿಂಬದಿಯಲ್ಲಿ ಪತ್ರ ಬರೆದ: ನಾನು ಹೊಲದಲ್ಲಿ ದುಡಿಯುತ್ತಿದ್ದೆ, ಕೆಲಸ ತಪ್ಪಿಸಿ ಓದಿಕೊಂಡವರು ಪಾಸಾಗುತ್ತಾರೆ, ಇದೇನು ನ್ಯಾಯ ಎಂಬ ಧಾಟಿಯಲ್ಲಿ. ಮಾವೋ ಅವರ ತಮ್ಮನ ಮಗ ಅದನ್ನು ಪತ್ರಿಕೆಯಲ್ಲಿ ಹಾಕಿಸಿದ. ಜಾಂಗ್ ದೇಶಕ್ಕೇ ಮಾದರಿಯಾದ, ಕೃಷಿ ಕಾಲೇಜು ಸೇರಿದ. ಪತ್ರಿಕೆ ಪೂರ್ತಿ ಖಾಲಿಯೇನೂ ಇರಲಿಲ್ಲ, ಆರು ಅಂಕ ಬಂದಿದ್ದವು. 1976ರಲ್ಲಿ ಮಾವೋ ತೀರಿಕೊಂಡು, ಸಾಂಸ್ಕೃತಿಕ ಕ್ರಾಂತಿಯನ್ನು ಮುನ್ನಡೆಸಿದ, ಅವರ ಹೆಂಡತಿಯೂ ಸೇರಿದ್ದ ನಾಲ್ವರ ಕೂಟ ಬಿದ್ದ ಮೇಲೆ ಆತನಿಗೆ 15 ವರ್ಷ ಜೈಲಾಯಿತು.

1977ರ ಪರೀಕ್ಷೆಗೆ ಇಷ್ಟೊಂದು ಮಹತ್ವ ಏಕೆ?

ಆಧುನಿಕ ಚೀನಾದಲ್ಲಿ ಒಂದೇ ಒಂದು ಆಡಳಿತ ನಿರ್ಧಾರ ಇಷ್ಟು ಜನರ ಬದುಕನ್ನು ಇಷ್ಟು ಬೇಗ ತಿರುಗಿಸಿದ್ದಕ್ಕೆ ಬೇರೆ ಉದಾಹರಣೆ ನನಗೆ ಹೊಳೆಯುವುದಿಲ್ಲ.

ಆ ವರ್ಷದ ಜುಲೈನಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಪಕ್ಷದ ಹಿರಿಯ ನಾಯಕ ಡೆಂಗ್ ಶಿಯಾವೊಪಿಂಗ್ ವಿಜ್ಞಾನ ಮತ್ತು ಶಿಕ್ಷಣದ ಹೊಣೆಯನ್ನು ತಾವೇ ಕೇಳಿ ಪಡೆದರು. ಆಗಸ್ಟ್ ಆರಂಭದಲ್ಲಿ ವಿಜ್ಞಾನಿಗಳ ಸಭೆ ಕರೆದರು. ವುಹಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಚಾ ಚ್ವಾನ್‌ಶಿಂಗ್ ಎದ್ದು, ಶಿಫಾರಸು ಪದ್ಧತಿ ಕೊಳೆತಿದೆ, ಈ ವರ್ಷವೇ ಪರೀಕ್ಷೆ ಇಡಿ ಎಂದರು. ಸೇರ್ಪಡೆಯ ಹಳೆಯ ಸುತ್ತೋಲೆ ಆಗಲೇ ಸಿದ್ಧವಾಗಿತ್ತು. ಡೆಂಗ್ ಅದನ್ನು ವಾಪಸ್ ತರಿಸಿ, ಈ ವರ್ಷದಿಂದಲೇ ಎಂದರು.

ಅಕ್ಟೋಬರ್ 21ರಂದು ಸುದ್ದಿ ಪತ್ರಿಕೆಯಲ್ಲಿ ಬಂತು; ಪರೀಕ್ಷೆ ನವೆಂಬರ್, ಡಿಸೆಂಬರ್‌ನಲ್ಲಿ. ಸಿದ್ಧತೆಗೆ ಇದ್ದದ್ದು ಒಂದೆರಡು ತಿಂಗಳು. ಹಳ್ಳಿಯಲ್ಲಿ ಕತ್ತೆ ಕಾಯುತ್ತಿದ್ದವರು, ಗಣಿಯಲ್ಲಿದ್ದವರು, ಮಕ್ಕಳಿದ್ದ ತಾಯಂದಿರು ಹರಿದ ಪುಸ್ತಕಗಳನ್ನು ಹುಡುಕಿಕೊಂಡು ಅಲೆದರು. ಹತ್ತು ವರ್ಷದ ಬಾಕಿ ಒಟ್ಟಿಗೆ ಬಂದು, ಮೇಷ್ಟ್ರೂ ಶಿಷ್ಯನೂ ಒಂದೇ ಕೊಠಡಿಯಲ್ಲಿ ಕೂತು ಬರೆದದ್ದುಂಟು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಸಾಲದೆ, ಮಾವೋ ಅವರ ಆಯ್ದ ಬರಹಗಳ ಐದನೆಯ ಸಂಪುಟಕ್ಕೆಂದು ಇಟ್ಟಿದ್ದ ಕಾಗದವನ್ನು ಬಳಸಿದರು. ಸುಮಾರು 57 ಲಕ್ಷ ಜನ ಬರೆದರು, 2,73,000 ಮಂದಿಗೆ ಸೀಟು ಸಿಕ್ಕಿತು. ನೂರಕ್ಕೆ ಐವರೂ ಇಲ್ಲ. ಮುಂದೆ ಪ್ರಧಾನಿಯಾದ ಲೀ ಕಛ್ಯಾಂಗ್ ಆ ಸಲ ಪಾಸಾಗಿ ಹಳ್ಳಿಯಿಂದ ಬೀಜಿಂಗ್ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ ಬಂದವರು.

ಪರೀಕ್ಷೆಯ ಜೊತೆಗೆ ಬಂದ ಇನ್ನೊಂದು ಬದಲಾವಣೆ ಅಷ್ಟೇ ದೊಡ್ಡದು. ಅಪ್ಪನ ವರ್ಗ ನೋಡುವುದನ್ನು ಬಹುಮಟ್ಟಿಗೆ ಬಿಟ್ಟರು. ಚೀನಾದ ಆ ತಲೆಮಾರಿನವರಿಗೆ ಗಾವೊಕಾವೊ ಬಗ್ಗೆ ಇರುವ ಭಕ್ತಿಯ ಗುಟ್ಟು ಇದು. ನಾವು ಅದನ್ನು ಮಕ್ಕಳ ಹಿಂಸೆ ಎನ್ನುತ್ತೇವೆ, ಅವರು ಅದನ್ನು ಶಿಫಾರಸಿನಿಂದ ಬಿಡುಗಡೆ ಎನ್ನುತ್ತಾರೆ. 1978ರ ಡಿಸೆಂಬರ್ 26ರಂದು, 52 ಮಂದಿಯ ಮೊದಲ ತಂಡ ಅಮೆರಿಕಕ್ಕೆ ವಿಮಾನ ಹತ್ತಿತು. ಹೋದವರೆಲ್ಲ ತಿರುಗಿ ಬರಲಾರರು ಎಂದು ಗೊತ್ತಿದ್ದೂ ಡೆಂಗ್ ಕಳಿಸಿದರು.

1989ರ ನಂತರ ಪಾಠಗಳು ಬದಲಾದವೇ?

ಬದಲಾದವು. ಪ್ರಜಾಪ್ರಭುತ್ವ ಬೇಕೆಂದು ವಿದ್ಯಾರ್ಥಿಗಳು ಟಿಯಾನನ್‌ಮೆನ್ ಚೌಕದಲ್ಲಿ ನಡೆಸಿದ ಚಳವಳಿಯನ್ನು 1989ರ ಜೂನ್‌ನಲ್ಲಿ ಸೇನೆ ಅಡಗಿಸಿದ ಮೇಲೆ ಬೀಜಿಂಗ್ ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳನ್ನು ಕೆಲವು ವರ್ಷ ಮೊದಲು ಒಂದು ವರ್ಷದ ಮಿಲಿಟರಿ ತರಬೇತಿಗೆ ಕಳಿಸಿದರು. ಹತ್ತು ವರ್ಷಗಳ ದೊಡ್ಡ ತಪ್ಪು ಶಿಕ್ಷಣದಲ್ಲಾಗಿದೆ ಎಂದು ಡೆಂಗ್ ಆಗ ಹೇಳಿದರು. 1994ರಲ್ಲಿ ದೇಶಭಕ್ತಿ ಶಿಕ್ಷಣದ ರೂಪುರೇಷೆ ಬಂತು. ವರ್ಗಹೋರಾಟದ ಕಥೆ ಹಿಂದೆ ಸರಿದು, ಬ್ರಿಟನ್ ಜೊತೆಗಿನ ಅಫೀಮು ಯುದ್ಧದಿಂದ ಹಿಡಿದು ಜಪಾನೀ ಸೇನೆಯ ನಾನ್‌ಜಿಂಗ್ ಹತ್ಯಾಕಾಂಡದವರೆಗಿನ, ಹೊರಗಿನವರಿಂದಾದ ಅವಮಾನದ ಶತಮಾನ ಮುಂದೆ ಬಂತು. ಮೊದಲು ಇತಿಹಾಸದ ಪಾಠದಲ್ಲಿ ಗೆದ್ದವರು ರೈತರು. ಈಗ ನೊಂದದ್ದು ರಾಷ್ಟ್ರ. 1989ರ ಜೂನ್ ಮಾತ್ರ ಪಾಠದಲ್ಲಿಲ್ಲ.

ಎಲ್ಲರಿಗೂ ಶಾಲೆ, ಕಾಲೇಜು ಸಿಕ್ಕಿದ್ದು ಯಾವಾಗ?

1986ರ ಕಾನೂನು ಒಂಬತ್ತು ವರ್ಷದ ಶಿಕ್ಷಣವನ್ನು ಕಡ್ಡಾಯ ಮಾಡಿತು, ದುಡ್ಡು ಮಾತ್ರ ಕೊಡಲಿಲ್ಲ. ಹಳ್ಳಿಗಳಲ್ಲಿ ನಾನಾ ಹೆಸರಿನ ಶುಲ್ಕ ವಸೂಲಿ ನಡೆಯಿತು. ಶುಲ್ಕ ಪೂರ್ತಿ ಹೋದದ್ದು ಹಳ್ಳಿಗಳಲ್ಲಿ 2007ರಲ್ಲಿ, ನಗರಗಳಲ್ಲಿ 2008ರಲ್ಲಿ.

ಕಾಲೇಜು ಸೀಟುಗಳ ಸ್ಫೋಟಕ್ಕೆ ಕಾರಣ ಆರ್ಥಿಕ ಬಿಕ್ಕಟ್ಟು. 1997ರ ಏಷ್ಯಾ ಕುಸಿತದ ನಂತರ, ಯುವಕರನ್ನು ಇನ್ನಷ್ಟು ವರ್ಷ ಓದಿಸಿದರೆ ಕೆಲಸ ಹುಡುಕುವವರೂ ಕಡಿಮೆ, ಮನೆಯವರ ಉಳಿತಾಯವೂ ಹೊರಬರುತ್ತದೆ ಎಂಬ ಸಲಹೆಯನ್ನು ಸರ್ಕಾರ ಒಪ್ಪಿತು. 1998ರಲ್ಲಿ 10.8 ಲಕ್ಷ ಇದ್ದ ಸೇರ್ಪಡೆ ಮರುವರ್ಷವೇ ಸುಮಾರು 16 ಲಕ್ಷವಾಯಿತು. 2023ರಲ್ಲಿ ಪದವಿ ಮುಗಿಸಿ ಹೊರಬಂದವರು 1.15 ಕೋಟಿಗೂ ಹೆಚ್ಚು. ಅದೇ ಜೂನ್‌ನಲ್ಲಿ ನಗರಗಳ 16ರಿಂದ 24ರ ವಯಸ್ಸಿನವರ ನಿರುದ್ಯೋಗ ಶೇ 21.3 ಮುಟ್ಟಿತು. ಆಮೇಲೆ ಸರ್ಕಾರ ಕೆಲಕಾಲ ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು.

ಗಾವೊಕಾವೊ ನಿಜವಾಗಿಯೂ ಎಲ್ಲರಿಗೂ ಸಮಾನವೇ?

ನಕಲು, ವಶೀಲಿ ಕಡಿಮೆ ಎಂಬರ್ಥದಲ್ಲಿ ಬಹುಮಟ್ಟಿಗೆ ಹೌದು. ಪ್ರತಿ ಜೂನ್ 7ರಿಂದ ಶುರುವಾಗುವ ಪರೀಕ್ಷೆಗೆ 2024ರಲ್ಲಿ 1.34 ಕೋಟಿ ಮಕ್ಕಳು ಹೆಸರು ಕೊಟ್ಟಿದ್ದರು. ಆದರೆ ಸೀಟುಗಳು ಪ್ರಾಂತ್ಯವಾರು ಹಂಚಿಕೆ. ಬೀಜಿಂಗ್, ಶಾಂಘೈಯವರೆಂದು ದಾಖಲಾದವರಿಗೆ ಅಲ್ಲಿನ ಹೆಸರಾಂತ ವಿಶ್ವವಿದ್ಯಾಲಯಗಳ ಬಾಗಿಲು ಹನಾನ್ ಪ್ರಾಂತ್ಯದವರಿಗಿಂತ ಎಷ್ಟೋ ಅಗಲ. ಯಾರು ಎಲ್ಲಿಯವರು ಎನ್ನುವುದನ್ನು ಹೇಳುವುದು ಹುಕೋ ಎಂಬ ಮನೆತನದ ನೋಂದಣಿ. ಅದು 1958ರಿಂದ ಇದೆ. ಬೀಜಿಂಗ್‌ನಲ್ಲೇ ಬೆಳೆದ ಕಟ್ಟಡ ಕೂಲಿಯ ಮಗ ಪರೀಕ್ಷೆ ಬರೆಯಲು ತಾನು ಎಂದೂ ಓದದ ಊರಿಗೆ ಹೋಗಬೇಕಾಗುತ್ತದೆ. ವರ್ಗಮೂಲ ಹೋದ ಜಾಗದಲ್ಲಿ ಊರಮೂಲ ಬಂದು ಕೂತಿದೆ ಎನ್ನುವುದು ನನ್ನ ಅನಿಸಿಕೆ.

ಅದಕ್ಕಿಂತ ಮೊದಲೇ ಇನ್ನೊಂದು ಜರಡಿ ಇದೆ. ಒಂಬತ್ತನೇ ತರಗತಿಯ ಕೊನೆಯ ಪರೀಕ್ಷೆಯಲ್ಲಿ ಬಹಳಷ್ಟು ಮಕ್ಕಳು ವೃತ್ತಿಶಿಕ್ಷಣದ ಕಡೆಗೆ ತಿರುಗಬೇಕಾಗುತ್ತದೆ. ಈಗಿನ ತಂದೆತಾಯಿಯರ ನಿದ್ದೆ ಕೆಡಿಸುವುದು ಗಾವೊಕಾವೊಗಿಂತ ಹೆಚ್ಚಾಗಿ ಇದೇ.

ಟ್ಯೂಷನ್ ನಿಷೇಧಿಸಿದರಂತೆ, ಹೌದೇ?

2021ರ ಜುಲೈನಲ್ಲಿ ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡುವುದನ್ನು, ವಾರಾಂತ್ಯ ಮತ್ತು ರಜೆಯಲ್ಲಿ ಪಾಠ ಮಾಡುವುದನ್ನು ನಿಷೇಧಿಸಿದರು. ಹೋಂವರ್ಕಿಗೂ ಮಿತಿ ಹಾಕಿದರು. ಮಕ್ಕಳ ಸಂಖ್ಯೆ ಕುಸಿಯುತ್ತಿತ್ತು, ಸಾಕುವ ಖರ್ಚಿಗೆ ಹೆದರಿ ಜನ ಎರಡನೆಯ ಮಗು ಬೇಡ ಎನ್ನುತ್ತಿದ್ದರು. ಷೇರುಪೇಟೆಯಲ್ಲಿ ಮೆರೆಯುತ್ತಿದ್ದ ಕಂಪನಿಗಳು ರಾತ್ರೋರಾತ್ರಿ ಕುಸಿದವು. ನ್ಯೂ ಓರಿಯೆಂಟಲ್ ಕಂಪನಿಯೊಂದೇ 60,000 ಜನರನ್ನು ಮನೆಗೆ ಕಳಿಸಿತು. ಅದರ ಉಳಿದ ಇಂಗ್ಲಿಷ್ ಮೇಷ್ಟರುಗಳು ಆನ್‌ಲೈನ್ ನೇರಪ್ರಸಾರದಲ್ಲಿ ಅಕ್ಕಿ, ಮೆಕ್ಕೆಜೋಳ ಮಾರುತ್ತ, ನಡುನಡುವೆ ಇಂಗ್ಲಿಷ್ ಪದ ಕಲಿಸುತ್ತ ಹೊಸ ಹೆಸರು ಮಾಡಿದರು. ಟ್ಯೂಷನ್ ಹೋಯಿತೇ? ಹಣವಿದ್ದವರ ಮನೆಗೆ 'ಮನೆಗೆಲಸದವರು' ಎಂಬ ಹೆಸರಿನಲ್ಲಿ ಬಂತು. ಪರೀಕ್ಷೆ ಹಾಗೇ ಇರುವಾಗ ಬೇರೇನಾದೀತು?

ಈಗಿನ ಪಠ್ಯಗಳಲ್ಲಿ ಷಿ ಜಿನ್‌ಪಿಂಗ್ ಎಷ್ಟಿದ್ದಾರೆ?

2021ರ ಶರತ್ಕಾಲದಿಂದ ಪ್ರಾಥಮಿಕ ಶಾಲೆಯಿಂದ ವಿಶ್ವವಿದ್ಯಾಲಯದವರೆಗೆ ಅವರ ಚಿಂತನೆಯ ಪಾಠವಿದೆ. ಭಾಷೆ, ಇತಿಹಾಸ, ನೀತಿ ಮತ್ತು ಕಾನೂನು ವಿಷಯಗಳಿಗೆ ಇಡೀ ದೇಶಕ್ಕೆ ಒಂದೇ ಪುಸ್ತಕ. 2024ರ ಜನವರಿ 1ರಿಂದ ದೇಶಭಕ್ತಿ ಶಿಕ್ಷಣಕ್ಕೇ ಪ್ರತ್ಯೇಕ ಕಾನೂನು ಜಾರಿಯಲ್ಲಿದೆ.

ಇದರ ಬಿಸಿ ಹೆಚ್ಚು ತಟ್ಟಿದ್ದು ಅಂಚಿನ ಜನರಿಗೆ. 2020ರಲ್ಲಿ ಒಳ ಮಂಗೋಲಿಯಾದಲ್ಲಿ ಭಾಷೆ, ರಾಜಕೀಯ, ಇತಿಹಾಸ ಈ ಮೂರು ವಿಷಯಗಳನ್ನು ಮಂಗೋಲ್ ಬಿಟ್ಟು ಮ್ಯಾಂಡರಿನ್‌ನಲ್ಲಿ ಕಲಿಸಬೇಕೆಂದಾಗ ಪೋಷಕರು ಮಕ್ಕಳನ್ನು ಶಾಲೆಗೆ ಕಳಿಸದೆ ಪ್ರತಿಭಟಿಸಿದರು, ಸರ್ಕಾರ ಮಣಿಯಲಿಲ್ಲ. ಟಿಬೆಟ್‌ನ ಸುಮಾರು ಹತ್ತು ಲಕ್ಷ ಮಕ್ಕಳು ಮನೆಯಿಂದ ದೂರ ವಸತಿ ಶಾಲೆಗಳಲ್ಲಿ ಮ್ಯಾಂಡರಿನ್‌ನಲ್ಲೇ ಓದುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಕಳವಳ ತೋರಿದರು. ಚೀನಾ ಆ ಆರೋಪವನ್ನು ಒಪ್ಪುವುದಿಲ್ಲ. ಬೈಲಕುಪ್ಪೆ, ಮುಂಡಗೋಡಿನ ಟಿಬೆಟನ್ ಶಾಲೆಗಳಲ್ಲಿ ತಮ್ಮ ಲಿಪಿಯಲ್ಲೇ ಅಕ್ಷರ ತಿದ್ದುವ ಮಕ್ಕಳನ್ನು ಕಂಡವರಿಗೆ ಈ ವಿಷಯ ಅಷ್ಟು ದೂರದ್ದಾಗಿ ಕಾಣದು.

ಇಲ್ಲಿಂದ ಎಂಬಿಬಿಎಸ್ ಓದಲು ಹೋಗುವವರಿಗೂ ಈ ಪರೀಕ್ಷೆ, ಪಾಠಗಳು ಅನ್ವಯಿಸುತ್ತವೆಯೇ?

ಇಲ್ಲ. ವಿದೇಶಿಯರು ಗಾವೊಕಾವೊ ಬರೆಯುವುದಿಲ್ಲ, ಅವರಿಗೆ ಬೇರೆಯೇ ಬಾಗಿಲು. ಆದರೆ ಅಲ್ಲಿಯ ರಾಜಕೀಯ ನಿರ್ಧಾರಗಳು ಮುಟ್ಟದೆ ಬಿಡುವುದಿಲ್ಲ. 2020ರ ಆರಂಭದಲ್ಲಿ ಕೋವಿಡ್ ಕಾರಣಕ್ಕೆ ಊರಿಗೆ ಬಂದ ಭಾರತೀಯ ವಿದ್ಯಾರ್ಥಿಗಳು, ಅವರಲ್ಲಿ ನಮ್ಮ ಜಿಲ್ಲೆಗಳವರೂ ಇದ್ದರು, ಗಡಿ ಮುಚ್ಚಿದ್ದರಿಂದ ಎರಡೂವರೆ ವರ್ಷ ಮೊಬೈಲಿನಲ್ಲೇ ವೈದ್ಯಕೀಯ ಓದಬೇಕಾಯಿತು. ವೀಸಾ ಮತ್ತೆ ಸಿಕ್ಕಿದ್ದು 2022ರ ಆಗಸ್ಟ್‌ನಿಂದ. ಆ ವರ್ಷ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಕೊಟ್ಟ ಸೂಚನೆಯಂತೆ ಇಂಗ್ಲಿಷ್‌ನಲ್ಲಿ ವೈದ್ಯಕೀಯ ಕಲಿಸಲು ಅನುಮತಿ ಇದ್ದದ್ದು 45 ವಿಶ್ವವಿದ್ಯಾಲಯಗಳಿಗೆ ಮಾತ್ರ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಮಾತಾಡಲು ಚೀನೀ ಭಾಷೆ ಹೇಗೂ ಬೇಕು. ತಿರುಗಿ ಬಂದ ಮೇಲೆ ಇಲ್ಲಿನ ಅರ್ಹತಾ ಪರೀಕ್ಷೆ ಇದೆ. 2015ರಿಂದ 2021ರವರೆಗೆ ಅದನ್ನು ಬರೆದ ಚೀನಾದ ಪದವೀಧರರಲ್ಲಿ ಪಾಸಾದವರು ಶೇ 16ರಷ್ಟು. 2021ರ ನವೆಂಬರ್ ನಂತರ ಸೇರಿದವರು ಓದಿದ ದೇಶದಲ್ಲೇ ವೈದ್ಯರಾಗಿ ಕೆಲಸ ಮಾಡುವ ಅರ್ಹತೆ ಪಡೆದಿರಬೇಕು ಎಂಬ ನಿಯಮವೂ ಇದೆ. ಏಜೆಂಟರಿಗೆ ಮುಂಗಡ ಕಟ್ಟುವ ಮೊದಲು ಈ ಎರಡನ್ನು ವಿಚಾರಿಸಿ.